ಉತಾರದಲ್ಲಿಲ್ಲದ ಕುಣಿ

“ಸತ್ತವರಿಗೆ ಎಂಥಾ ಕಾಯ್ದೆರೀ? ಹೊಲ ಇದ್ದವರು ಹೊಲದಾಗ ಮಣ್ಣು ಮಾಡ್ತಾರ, ಇಲ್ಲದವರು ಹಳ್ಳದ ದಂಡಿಗೆ ಒಯ್ತಾರ. ಹಿಂದಿನಿಂದ ನಡಕೊಂಡು ಬಂದೈತಿ, ಮುಂದೂ ನಡೀತೈತಿ.” ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಸ್ಮಶಾನದ ಮಾತೆತ್ತಿದರೆ ಸಾಕು, ಕಟ್ಟೆಯ ಮೇಲೂ ಗ್ರಾಮಸಭೆಯಲ್ಲೂ ಬರುವ ಉತ್ತರ ಇದೇ. ಕೇಳಲಿಕ್ಕೆ ಅನುಭವಸ್ಥರ ಮಾತಿನಂತಿದೆ. ಹಿರಿಯರು ಹೇಳುತ್ತಾರೆ, ಅಧಿಕಾರಿ ತಲೆದೂಗುತ್ತಾನೆ, ಆರಿಸಿ ಬಂದವರು ಹಗುರಾಗಿ ಎದ್ದು ಹೋಗುತ್ತಾರೆ. ಯಾರ ಗಂಟೂ ಹೋಗಲಿಲ್ಲ, ಯಾರ ಸಿಟ್ಟೂ ಏರಲಿಲ್ಲ. ಆದರೆ ಆ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಬಿಡಿಸಿ ನೋಡಿ. ಅದರ ಮೊದಲ ಅರ್ಧದಲ್ಲಿ ಹೊಲ ಇದ್ದವರಿದ್ದಾರೆ, ಎರಡನೆಯ ಅರ್ಧದಲ್ಲಿ ಇಲ್ಲದವರಿದ್ದಾರೆ. ಸತ್ತ ಮೇಲೂ ಮನುಷ್ಯನನ್ನು ಅಳೆಯುವ ಕೋಲು ಅವನ ಉತಾರವೇ, ಅಂದರೆ ಹೊಲದ ಪಹಣಿಯೇ ಎಂದಾಯಿತು. ಇದಕ್ಕೆ ನಾವು ‘ವಹಿವಾಟು’ ಎಂದು ಹೆಸರಿಟ್ಟಿದ್ದೇವೆ, ‘ರೂಢಿ’ ಎಂದು ಗೌರವ ಕೊಟ್ಟಿದ್ದೇವೆ. ಭೂಮಿ ಯಾರ ಕೈಯಲ್ಲಿದೆ ಎಂಬುದಕ್ಕೆ ಇಟ್ಟ ಸಭ್ಯ ಹೆಸರೇ ಈ ವಹಿವಾಟು. ಹೂಳುವ ಜಾಗವನ್ನು ವಹಿವಾಟಿಗೆ ಬಿಟ್ಟ ಸರ್ಕಾರ ಧರ್ಮವನ್ನೂ ಸಂಪ್ರದಾಯವನ್ನೂ ಕಾಪಾಡುತ್ತಿಲ್ಲ. ಅದು ತನ್ನ ಕೆಲಸದಿಂದ ಜಾರಿಕೊಳ್ಳುತ್ತಿದೆ, ಅಷ್ಟೆ.

ಹಳ್ಳದ ದಂಡೆ ಎಂದರೆ ಯಾರ ಜಾಗ? ದಾಖಲೆಯಲ್ಲಿ ಹಳ್ಳ ಹಳ್ಳವೇ ಹೊರತು ಸ್ಮಶಾನವಲ್ಲ. ದಂಡೆಯ ಮೇಲಿನ ಪಟ್ಟಿ ಪಕ್ಕದ ಹೊಲದವನದು. ಇವತ್ತು ಅವನು ಸುಮ್ಮನಿದ್ದರೆ ಹೂಳಬಹುದು. ನಾಳೆ ಅವನ ಮಗ ಬದು ಒಡೆದು ಕಬ್ಬು ಹಚ್ಚಿದರೆ ಹೂಳುವಂತಿಲ್ಲ. ಅಂದರೆ ಬಡವನ ಕುಣಿ ಇನ್ನೊಬ್ಬನ ಮನಸ್ಸಿನ ಮೇಲೆ ನಿಂತಿದೆ. ಮಳೆಗಾಲದಲ್ಲಂತೂ ಆ ಮನಸ್ಸೂ ಸಾಲುವುದಿಲ್ಲ. ಡೋಣಿ ಸೀಮೆಯ ಎರೆಭೂಮಿ ಜೋಳಕ್ಕೆ ಹೆಸರಾದದ್ದು ನಿಜ, ಆದರೆ ಎರಡು ದಿನ ಮಳೆ ಹಿಡಿದರೆ ಅದೇ ಎರೆ ಕಾಲು ಎತ್ತಲಾಗದಷ್ಟು ಭಾರವಾಗಿ ಅಂಟುತ್ತದೆ. ಹೆಣ ಹೊತ್ತ ನಾಲ್ವರು ಚಪ್ಪಲಿ ಬಿಟ್ಟು, ಹೆಜ್ಜೆ ಕಿತ್ತಿಟ್ಟು ನಡೆಯಬೇಕು. ಒಬ್ಬ ಜಾರಿದರೆ ಹೆಣವೂ ಜಾರುತ್ತದೆ. ಹಳ್ಳ ತುಂಬಿದ್ದರೆ ಆಚೆ ದಂಡೆ ಸಿಗುವುದೇ ಇಲ್ಲ. ಈಚೆ ದಂಡೆಯಲ್ಲಿ ಮೊಣಕಾಲುದ್ದ ಅಗಿಯುವಷ್ಟರಲ್ಲಿ ನೀರು ಒಸರುತ್ತದೆ. ಒಬ್ಬ ಬುಟ್ಟಿಯಲ್ಲಿ ನೀರು ಎತ್ತಿ ಚೆಲ್ಲುತ್ತಿರಬೇಕು, ಇನ್ನೊಬ್ಬ ಸಲಿಕೆ ಆಡಿಸುತ್ತಿರಬೇಕು. ಆಳ ಸಾಲದ ಆ ಕುಣಿಯ ಮೇಲೆ ಮುಳ್ಳುಕಂಟಿ ಹೇರಿ ಬರುತ್ತಾರೆ, ನಾಯಿ ಕೆದಕಬಾರದೆಂದು. ಮೂರನೆಯ ದಿನಕ್ಕೆ ಹಾಲುತುಪ್ಪ ಬಿಡಲು ಹೋದರೆ ಗುರುತೇ ಇರುವುದಿಲ್ಲ. ಬೇಸಿಗೆಗೆ ಎರೆ ಬಿರಿದು ಬಾಯಿ ಬಿಡುತ್ತದೆ, ಮುಂದಿನ ಮುಂಗಾರಿಗೆ ಮಣ್ಣು ಕುಸಿಯುತ್ತದೆ, ಹಳ್ಳದ ಹೊಡೆತಕ್ಕೆ ದಂಡೆ ಕಳಚುತ್ತದೆ. ‘ನಡಕೊಂಡು ಬಂದೈತಿ’ ಎನ್ನುವವರು ಕೊಚ್ಚಿಕೊಂಡು ಹೋದದ್ದನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ?

ಹೊಲ ಇದ್ದವರಾದರೂ ನಿಶ್ಚಿಂತರೇ? ಎಂಟು ಎಕರೆ ಹೊಲ ನಾಲ್ವರು ಅಣ್ಣತಮ್ಮಂದಿರ ಪಾಲಾದರೆ ಮುತ್ತಜ್ಜನ ಗೋರಿ ಒಬ್ಬನ ಪಾಲಿಗೆ ಬರುತ್ತದೆ. ಅವನು ಹೊಲ ಮಾರಿದರೆ ಗೋರಿ ಕೊಂಡವನ ಪಾಲಿಗೆ ಹೋಗುತ್ತದೆ. ಖರೀದಿ ಪತ್ರದಲ್ಲಿ ಬಾವಿಯ ಉಲ್ಲೇಖ ಇರುತ್ತದೆ, ಬೇವಿನ ಗಿಡದ ಉಲ್ಲೇಖ ಇರುತ್ತದೆ. ಗೋರಿಯನ್ನು ಯಾರು ಬರೆಸುತ್ತಾರೆ? ಹೊಸ ಮಾಲೀಕ ಟ್ರ್ಯಾಕ್ಟರ್ ಹೊಡೆಸಿದರೆ ಉಳಿದ ಮೂವರು ಯಾವ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಬೇಕು? ಈ ಸೀಮೆಯ ಜನಕ್ಕೆ ಇದು ಪುಸ್ತಕದ ಪ್ರಶ್ನೆಯಲ್ಲ. ಆಲಮಟ್ಟಿ, ನಾರಾಯಣಪುರ ಜಲಾಶಯಗಳು ತುಂಬಿದಾಗ ಮುಳುಗಿದ್ದು ಮನೆ, ಹೊಲ, ಗುಡಿ ಮಾತ್ರವಲ್ಲ. ಬದುವಿನ ಮೇಲಿದ್ದ ತಲೆತಲಾಂತರದ ಗೋರಿಗಳೂ ಕೃಷ್ಣೆಯ ಹಿನ್ನೀರಿನಡಿ ಹೋದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ನೀರನ್ನು ಹೊರಗೆ ನಿಲ್ಲಿಸಲಾಗಿದೆ. ಅದು ಆಗಲೇಬೇಕಾದ ಕೆಲಸ, ತಕ್ಕ ಗೌರವ. ಸಮಾಧಿಯೊಂದನ್ನು ನೀರಿನಿಂದ ಉಳಿಸಿಕೊಳ್ಳುವ ತಂತ್ರವೂ ಹಣವೂ ಸರ್ಕಾರಕ್ಕೆ ಇದೆ ಎಂಬುದು ಅಲ್ಲಿ ರುಜುವಾಗಿದೆ. ಹಾಗಾದರೆ ಬಸವಣ್ಣನವರು ಯಾರನ್ನು ತಮ್ಮವರೆಂದು ಅಪ್ಪಿಕೊಂಡರೋ ಅವರ ಮಕ್ಕಳ ಕುಣಿಗೆ ಎರಡು ಗುಂಟೆ ಒಣನೆಲ ಗುರುತಿಸಿಕೊಡುವುದು ಅದಕ್ಕೆ ಯಾಕೆ ಆಗದು?

ಇಲ್ಲಿಗೆ ಬರುವ ಹೊತ್ತಿಗೆ ಕಚೇರಿಯ ಕಡತ ಬಾಯಿ ತೆರೆಯುತ್ತದೆ: “ಬಹುತೇಕ ಊರುಗಳಲ್ಲಿ ಸ್ಮಶಾನ ಇದೆ.” ಸ್ಮಶಾನವಿಲ್ಲದ ಊರುಗಳಿಗೆ ಜಾಗ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಆದೇಶ ಪಾಲನೆಯಾಗದೆ ನ್ಯಾಯಾಂಗ ನಿಂದನೆಯ ಪ್ರಕರಣ ನಡೆಯಬೇಕಾಯಿತು. ಆಗ ಸರ್ಕಾರ ಒಪ್ಪಿಸಿದ ಲೆಕ್ಕ ಹೀಗಿತ್ತು: ರಾಜ್ಯದಲ್ಲಿ 29,616 ಗ್ರಾಮಗಳು, ಅವುಗಳಲ್ಲಿ 27,903ಕ್ಕೆ ಸ್ಮಶಾನ ಇದೆ, 319 ಕಡೆ ಒತ್ತುವರಿ, 1,394 ಊರುಗಳಿಗೆ ಇನ್ನೂ ಕೊಡಬೇಕು. ನೂರಕ್ಕೆ ತೊಂಬತ್ತನಾಲ್ಕು ಅಂಕ! ಪರೀಕ್ಷೆಯಾಗಿದ್ದರೆ ಪೇಢೆ ಹಂಚಬಹುದಿತ್ತು. ಆದರೆ ‘ಇದೆ’ ಎಂಬ ಪದವನ್ನು ಸ್ವಲ್ಪ ಕೆರೆದು ನೋಡಿ. ಸರ್ವೇ ನಂಬರ್ ಇದ್ದರೆ ‘ಇದೆ’. ಅಲ್ಲಿಗೆ ಹೋಗಲು ನಕಾಶೆಯಲ್ಲಿ ದಾರಿ ಇಲ್ಲದಿದ್ದರೂ ‘ಇದೆ’. ಅರ್ಧ ಹೊಲವಾಗಿ, ಇನ್ನರ್ಧ ತಿಪ್ಪೆಯಾಗಿದ್ದರೂ ‘ಇದೆ’. ಊರಿನ ಒಂದು ಓಣಿಯವರಿಗೆ ಮಾತ್ರ ತೆರೆದು ಮತ್ತೊಂದು ಓಣಿಯವರಿಗೆ ಮುಚ್ಚಿದ್ದರೂ ‘ಇದೆ’. ಊರಿಗೊಂದು ಎಂದು ಎಣಿಸಿದ ಲೆಕ್ಕ ಊರೊಳಗಿನ ಗೋಡೆಗಳನ್ನು ಎಣಿಸುವುದಿಲ್ಲ. ಇನ್ನು ತಾಂಡಾಗಳು. ಲಂಬಾಣಿಗರ ನೂರಾರು ವಸತಿಗಳು ಮೊನ್ನೆ ಮೊನ್ನೆಯವರೆಗೆ ಕಂದಾಯ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಊರೇ ಅಲ್ಲದ ಮೇಲೆ ಸ್ಮಶಾನವಿಲ್ಲದ ಊರುಗಳ ಪಟ್ಟಿಯಲ್ಲಿ ಅವುಗಳ ಹೆಸರು ಬರುವುದು ಹೇಗೆ? 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಕೈಯಿಂದ ಹಕ್ಕುಪತ್ರ ಹಂಚಿದಾಗ ವಿಜಯಪುರ ಜಿಲ್ಲೆಯ ತಾಂಡಾದವರೂ ಆ ಐದು ಜಿಲ್ಲೆಗಳ ಫಲಾನುಭವಿಗಳಲ್ಲಿದ್ದರು. ಮನೆಗೆ ಹಕ್ಕುಪತ್ರ ಬಂತು, ಸಂತೋಷ. ಆ ಮನೆಯಿಂದ ಹೊರಡುವ ಹೆಣ ಎಲ್ಲಿಗೆ ಹೋಗಬೇಕೆಂದು ವೇದಿಕೆಯ ಮೇಲೆ ಎಷ್ಟು ಮಂದಿ ಕೇಳಿದರು?

ಕಾನೂನೇ ಇಲ್ಲವೆಂದು ನನ್ನ ದೂರಲ್ಲ. ಕಾನೂನು ಚೂರುಚೂರಾಗಿ ಚೆಲ್ಲಿದೆ, ಒಂದು ಚೂರೂ ಬಡವನ ಕೈಗೆ ಎಟುಕುವುದಿಲ್ಲ ಎಂಬುದು ದೂರು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಹೂಳುವುದು, ಸುಡುವುದು, ಅದರ ಭೂಮಿ ಎಲ್ಲವೂ ಹತ್ತನೆಯ ನಮೂದಾಗಿ ಕೂತಿವೆ. ಅಂದರೆ ಇದು ದಿಲ್ಲಿಯ ಹೊಣೆಯಲ್ಲ, ಬೆಂಗಳೂರಿನ ಹೊಣೆ. ನಗರ ಸಂಸ್ಥೆಗಳ ಹನ್ನೆರಡನೆಯ ಅನುಸೂಚಿಯಲ್ಲಿ ಸ್ಮಶಾನ ಹದಿನಾಲ್ಕನೆಯ ವಿಷಯ, ವಿದ್ಯುತ್ ಚಿತಾಗಾರದವರೆಗೂ ಅಲ್ಲಿ ಹೆಸರಿದೆ. ಪಂಚಾಯಿತಿಗಳ ಹನ್ನೊಂದನೆಯ ಅನುಸೂಚಿ ತೆಗೆದು ನೋಡಿ. ಇಪ್ಪತ್ತೊಂಬತ್ತು ವಿಷಯಗಳಿವೆ, ಮೀನುಗಾರಿಕೆ ಇದೆ, ಗ್ರಂಥಾಲಯ ಇದೆ, ಸಂತೆ ಜಾತ್ರೆ ಇವೆ. ಸ್ಮಶಾನದ ಹೆಸರಿಲ್ಲ. ಹಳ್ಳಿಯವರು ಸಾಯುವುದಿಲ್ಲವೇ, ಅಥವಾ ಸತ್ತ ಮೇಲೆ ತಾವೇ ನೋಡಿಕೊಳ್ಳುತ್ತಾರೆಂದು ಬಿಟ್ಟರೇ? ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಕಲಮು ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಭೂಮಿ ಕಾದಿರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿದೆ. ಕಾದಿರಿಸ‘ಬಹುದು’ ಎನ್ನುತ್ತದೆ, ಕಾದಿರಿಸ‘ಲೇಬೇಕು’ ಎನ್ನುವುದಿಲ್ಲ. ಸ್ಮಶಾನವಾಗಿ ಬಳಕೆಯಾಗುವ ತುಣುಕನ್ನು ‘ಬ’ ಖರಾಬು (ಸಾರ್ವಜನಿಕ ಬಳಕೆಯ, ಕಂದಾಯವಿಲ್ಲದ ಭೂಮಿ) ಎಂದು ವಿಂಗಡಿಸುವ ನಿಯಮ ಇದೆ. ಆ ‘ಬ’ ಖರಾಬಿಗೆ ಬೇಲಿ ಯಾರು ಹಾಕಬೇಕು, ಗುಂಟೆ ಕಡಿಮೆಯಾದರೆ ಯಾರು ಉತ್ತರ ಕೊಡಬೇಕು? 1969ರ ಜನನ ಮರಣ ನೋಂದಣಿ ಕಾಯ್ದೆಯಂತೂ ಇನ್ನೂ ಮೋಜಿನದು. ಹೆಣ ವಿಲೇವಾರಿಗೆಂದು ಕಾದಿರಿಸಿದ ಜಾಗದ ಪಾಲಕ ಅಥವಾ ಮಾಲೀಕ ಸಾವಿನ ಮಾಹಿತಿ ತಿಳಿಸಬೇಕು ಎಂದು ಅದರ ಹತ್ತನೆಯ ಕಲಮು ಹೇಳುತ್ತದೆ. ಪಾಲಕ! ಇಂಡಿ ತಾಲೂಕಿನ ಭೀಮಾ ದಂಡೆಯ ಹಳ್ಳಿಗೆ ಹೋಗಿ ‘ನಿಮ್ಮ ಸ್ಮಶಾನದ ಪಾಲಕ ಯಾರು’ ಎಂದು ಕೇಳಿ, ಜಾಲಿಕಂಟಿಯ ಕಡೆ ಬೆರಳು ತೋರಿಸುತ್ತಾರೆ.

ನೆರೆಯವರು ಹೀಗೆ ಕೈಕಟ್ಟಿ ಕೂತಿಲ್ಲ. ತಮಿಳುನಾಡಿನಲ್ಲಿ ಗ್ರಾಮ ಪಂಚಾಯಿತಿಗಳ ಹೂಳುವ, ಸುಡುವ ಜಾಗಗಳಿಗೆಂದೇ 1999ರ ನಿಯಮಾವಳಿ ಇದೆ. ವಾಸದ ಮನೆಯಿಂದ, ಕುಡಿಯುವ ನೀರಿನ ಮೂಲದಿಂದ 90 ಮೀಟರ್ ದೂರ ಇರಬೇಕೆಂಬಷ್ಟು ವಿವರಕ್ಕೆ ಅದು ಇಳಿಯುತ್ತದೆ. ಕೇರಳದಲ್ಲಿ 1998ರಿಂದ ಪಂಚಾಯತ್ ರಾಜ್ ಸ್ಮಶಾನ ನಿಯಮಗಳಿವೆ. ಅಲ್ಲಿ ಕ್ರೈಸ್ತರ ಎರಡು ಬಣಗಳ ಜಗಳದಲ್ಲಿ ಹೆಣ ಅತಂತ್ರವಾಗುತ್ತಿತ್ತು, 2020ರಲ್ಲಿ ಶಾಸನಸಭೆಯೇ ಕಾಯ್ದೆ ಮಾಡಿ ಕುಟುಂಬದ ಸ್ಮಶಾನದಲ್ಲಿ ಹೂಳುವ ಹಕ್ಕು ಕೊಟ್ಟಿತು. ನಮ್ಮ ಹಳ್ಳಿಯ ಸ್ಮಶಾನ ಮಾತ್ರ ಹೆಚ್ಚಾಗಿ ಸುತ್ತೋಲೆಯ ಮೇಲೆ ಉಸಿರಾಡುತ್ತಿದೆ. ಸುತ್ತೋಲೆ ಎಂದರೆ ಏನು? ಮೇಲಿನವರು ಕೆಳಗಿನವರಿಗೆ ಕಳಿಸಿದ ಕಾಗದ. ಅದನ್ನು ಹಿಡಿದು ಬಡವ ದಾವೆ ಹೂಡಲಾರ, ಅದರ ಪ್ರಕಾರ ನಡೆಯದ ಅಧಿಕಾರಿಗೆ ದಂಡ ಬೀಳದು. ಹಾಗಾಗಿಯೇ ನಮ್ಮಲ್ಲಿ ಸ್ಮಶಾನ ಕೇಳುವ ವಿಧಾನ ಒಂದೇ ಉಳಿದಿದೆ: ಹೆಣವನ್ನು ಹೊತ್ತು ತಂದು ಪಂಚಾಯಿತಿ ಅಥವಾ ತಹಶೀಲ್ದಾರ ಕಚೇರಿಯ ಮುಂದೆ ಇಳಿಸುವುದು. ಪೊಲೀಸರು ಬರುತ್ತಾರೆ, ಅಧಿಕಾರಿ ಬಂದು ಭರವಸೆ ಕೊಡುತ್ತಾರೆ, ಸಂಜೆಯೊಳಗೆ ಎಲ್ಲೋ ಒಂದು ಮೂಲೆ ಸಿಗುತ್ತದೆ. ಆ ಹೆಣಕ್ಕೆ ಮಾತ್ರ. ಮುಂದಿನ ಹೆಣಕ್ಕೆ ಮುಂದಿನ ಧರಣಿ. ಹೆಣವೇ ಅರ್ಜಿಯಾಗಬೇಕಾದ ಆಡಳಿತವನ್ನು ಆಡಳಿತ ಎನ್ನಬಹುದೇ?

ದಾಖಲೆಗೆ ಬೆಲೆಯಿಲ್ಲ, ನಂಬಿಕೆಯಿಂದ ನಡೆಯುತ್ತದೆ ಎನ್ನುವವರಿಗೆ ಇದೇ ಜಿಲ್ಲೆ 2024ರ ಅಕ್ಟೋಬರಿನಲ್ಲಿ ಉತ್ತರ ಕೊಟ್ಟಿದೆ. ಹೊಲ ವಕ್ಫ್ ಆಸ್ತಿಯೆಂದು ರೈತರಿಗೆ ನೋಟಿಸುಗಳು ಬಂದವು, ಕೆಲವು ಪಹಣಿಗಳ 11ನೇ ಕಾಲಂನಲ್ಲಿ ವಕ್ಫ್ ಎಂಬ ಪದ ಕಾಣಿಸಿಕೊಂಡಿತು. ಜಿಲ್ಲೆ ಹೊತ್ತಿಕೊಂಡಿತು, ರಾಜ್ಯ ನಡುಗಿತು, ನೋಟಿಸು ಹಿಂಪಡೆಯಲು ಮುಖ್ಯಮಂತ್ರಿಯೇ ಹೇಳಬೇಕಾಯಿತು. ಆ ವಿವಾದದ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ಒಂದು ಕಾಲಂನಲ್ಲಿ ಬಿದ್ದ ಒಂದು ಪದಕ್ಕೆ ಎಷ್ಟು ಬಲ ಇದೆ ಎಂಬುದು ಅಂದು ಎಲ್ಲ ಪಕ್ಷದವರಿಗೂ ಗೊತ್ತಾಯಿತಲ್ಲ, ಅದು ನನ್ನ ವಿಷಯ. ತಮ್ಮ ಹೊಲದ ಉತಾರದಲ್ಲಿ ಬೇಡದ ಪದ ಬಂದಾಗ ಎದ್ದು ನಿಂತವರು, ತಮ್ಮೂರಿನ ಹೆಣದ ಜಾಗಕ್ಕೆ ಬೇಕಾದ ಪದ ಉತಾರದಲ್ಲಿ ಇಲ್ಲವೆಂದು ಎಂದಾದರೂ ಎದ್ದಿದ್ದಾರೆಯೇ? ‘ಸಾರ್ವಜನಿಕ ಸ್ಮಶಾನ’ ಎಂಬ ಎರಡು ಪದ ಬರೆಯಲು ಎಷ್ಟು ಶಾಯಿ ಬೇಕು? ಹೊಲಕ್ಕಾದರೆ ದಾಖಲೆಯೇ ದೇವರು, ಸ್ಮಶಾನಕ್ಕಾದರೆ ನಂಬಿಕೆಯೇ ಸಾಕು. ಈ ಎರಡು ನಾಲಿಗೆಯ ಮಾತನ್ನು ಇನ್ನು ನಿಲ್ಲಿಸೋಣ.

ಈಗ ಎಲ್ಲರೂ ಪಿಸುಮಾತಿನಲ್ಲಿ ಒಪ್ಪಿಕೊಂಡು ಬಹಿರಂಗವಾಗಿ ಮುಟ್ಟದ ಜಾಗಕ್ಕೆ ಬರೋಣ. “ಅವರವರ ಜಾತಿಗೆ ಅವರವರ ಸ್ಮಶಾನ ಇದ್ದರೆ ತಪ್ಪೇನು? ವಿಧಿವಿಧಾನ ಬೇರೆ ಬೇರೆ.” ವಿಧಿವಿಧಾನದ ಮಾತನ್ನೇ ತೂಗಿ ನೋಡೋಣ. ಈ ಸೀಮೆಯಲ್ಲಿ ಲಿಂಗಾಯತರು ಹೂಳುತ್ತಾರೆ. ದಲಿತರು ಹೂಳುತ್ತಾರೆ. ಮುಸ್ಲಿಮರು ಹೂಳುತ್ತಾರೆ. ಲಿಂಗಾಯತರು ಕುಣಿಯ ಬದಿಗೆ ಗೂಡು ಕೊರೆದು ವಿಭೂತಿಯೊಂದಿಗೆ ಕೂರಿಸುತ್ತಾರೆ. ಮುಸ್ಲಿಮರು ಕುಣಿಯ ಬಗಲಿಗೆ ಲಹದ್ ತೆಗೆದು ಮಲಗಿಸುತ್ತಾರೆ. ಸಲಿಕೆ ಅದೇ, ಎರೆ ಅದೇ, ಬಗಲಿಗೆ ಕೊರೆಯುವ ಕೈಚಳಕವೂ ಹೆಚ್ಚುಕಡಿಮೆ ಅದೇ. ಧರ್ಮ ಬೇರೆಯಾದವರು ತಮ್ಮ ದಿಕ್ಕು, ತಮ್ಮ ಪ್ರಾರ್ಥನೆಗೆ ತಕ್ಕ ಭಾಗ ಕೇಳಿದರೆ ಕೊಡಬೇಕು, ಅದರಲ್ಲಿ ವಾದವಿಲ್ಲ. ಆದರೆ ಒಂದೇ ಊರಿನ, ಮಣ್ಣಿಗೇ ಕೊಡುವ ಎರಡು ಜಾತಿಗಳ ನಡುವೆ ಬೇಲಿ ಬೇಕೆಂದಾಗ ಅಲ್ಲಿ ಕಾಪಾಡುತ್ತಿರುವುದು ವಿಧಿಯನ್ನಲ್ಲ, ಮೈಲಿಗೆಯ ಹಳೆಯ ಲೆಕ್ಕವನ್ನು. ಇದರೊಳಗಿನ ಕ್ರೂರ ವಿನೋದ ಇನ್ನೊಂದಿದೆ. ಸಾವಿನ ಸುದ್ದಿ ಮುಟ್ಟಿಸುವುದು, ಹಲಗೆ ಬಾರಿಸುವುದು, ಕುಣಿ ತೆಗೆಯುವುದು ಹಳ್ಳಿಗಳಲ್ಲಿ ತಲೆಮಾರುಗಳಿಂದ ಯಾರ ಮೇಲೆ ಹೊರಿಸಿದ ಚಾಕರಿ? ಆ ಮನುಷ್ಯನ ಸಲಿಕೆ ಮೇಲ್ಜಾತಿಯ ರುದ್ರಭೂಮಿಯೊಳಗೆ ಹೋಗಬಹುದು, ಅವನ ಬೆವರು ಅಲ್ಲಿ ಬೀಳಬಹುದು. ಅವನು ಸತ್ತರೆ ಅವನ ಹೆಣ ಅಲ್ಲಿ ಇಳಿಯುವಂತಿಲ್ಲ. ಇದಕ್ಕೆ ವಿಧಿವಿಧಾನ ಎಂಬ ಪದ ಬಳಸುವವರಿಗೆ ನಾಚಿಕೆ ಬೇಡವೇ?

ಕಾನೂನು ಈ ಬಗ್ಗೆ ಅನುಮಾನಕ್ಕೆ ಎಡೆ ಇಟ್ಟಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಕಲಮು ಬಾವಿ, ಕೆರೆ, ದಾರಿಗಳ ಜೊತೆಗೆ ಹೂಳುವ, ಸುಡುವ ಜಾಗವನ್ನೂ ಹೆಸರಿಸಿ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದನ್ನು ಅಪರಾಧವೆಂದಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಸ್ಮಶಾನವನ್ನು ಇತರರಿಗೆ ಸಮನಾಗಿ ಬಳಸಲು ಅಡ್ಡಿಪಡಿಸಿದವನಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆಮನೆ ಎಂದಿದೆ. ಇಷ್ಟು ಸ್ಪಷ್ಟ ಕಾನೂನು ಇರುವಾಗ ಆಡಳಿತ ಮಾಡುತ್ತಿರುವುದೇನು? ಯಾವ ಜಾತಿಯವರಿಗೆ ಜಾಗವಿಲ್ಲವೋ ಅವರಿಗೊಂದು ಪ್ರತ್ಯೇಕ ತುಣುಕು ಹುಡುಕಿ ಕೊಟ್ಟು, ಸಮಸ್ಯೆ ಬಗೆಹರಿಯಿತೆಂದು ಕಡತ ಮುಚ್ಚುವುದು. ಅಪರಾಧ ನಡೆಯಬಾರದೆಂದು ಅಪರಾಧಿಗೆ ಬೇಕಾದ ಬೇಲಿಯನ್ನು ಸರ್ಕಾರಿ ಖರ್ಚಿನಲ್ಲೇ ಹಾಕಿಸಿಕೊಡುವ ಜಾಣತನ ಇದು! 2019ರ ಆಗಸ್ಟಿನಲ್ಲಿ ತಮಿಳುನಾಡಿನ ವಾಣಿಯಂಬಾಡಿಯ ಹತ್ತಿರ ಹೊಲದ ದಾರಿ ಸಿಗದೆ ದಲಿತರು ಹೆಣವನ್ನು ಸೇತುವೆಯಿಂದ ಹಗ್ಗ ಕಟ್ಟಿ ಇಳಿಸಿದ ದೃಶ್ಯ ದೇಶವೆಲ್ಲ ನೋಡಿತು. ಆಗ ಮದ್ರಾಸ್ ಹೈಕೋರ್ಟ್ ಕೇಳಿದ ಪ್ರಶ್ನೆಯೂ ಇದೇ: ದಲಿತರಿಗೆಂದು ಪ್ರತ್ಯೇಕ ಸ್ಮಶಾನ ಕೊಡುವ ಮೂಲಕ ಸರ್ಕಾರವೇ ಭೇದವನ್ನು ಮುಂದುವರಿಸುತ್ತಿಲ್ಲವೇ? ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನ ಕೂಡಿಸಿದ ಕಲ್ಯಾಣದ ನೆನಪಿಗೆ ಈಗ ಸರ್ಕಾರಿ ಗೋಡೆಗಳ ಮೇಲೆ ಬಸವಣ್ಣನವರ ಭಾವಚಿತ್ರ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲೇ ಆ ಚಿತ್ರದ ಕೆಳಗೆ ಕೂತು ಜಾತಿಗೊಂದು ಸ್ಮಶಾನದ ಪ್ರಸ್ತಾವಕ್ಕೆ ಸಹಿ ಹಾಕುವ ಪೆನ್ನು ನಡುಗುವುದಿಲ್ಲವೇ?

“ಊರಿನ ಶಾಂತಿ ಕದಡಬೇಡಿ” ಎಂಬುದು ಮುಂದಿನ ಆಕ್ಷೇಪ. ಇದರ ಬೆಲೆ ಎಷ್ಟೆಂದು ಛತ್ತೀಸಗಡದ ಬಸ್ತರ್ ತೋರಿಸಿದೆ. 2025ರ ಜನವರಿ 7ರಂದು ತೀರಿಕೊಂಡ ಒಬ್ಬ ಕ್ರೈಸ್ತ ವೃದ್ಧರನ್ನು ಅವರ ಊರಲ್ಲಿ ಹೂಳಲು ಊರವರು ಬಿಡಲಿಲ್ಲ. ಮಗ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ಹೆಣ ಸುಮಾರು ಮೂರು ವಾರ ಶವಾಗಾರದಲ್ಲಿ ಕಾಯಿತು. ಜನವರಿ 27ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಎರಡು ದಾರಿ ಹಿಡಿಯಿತು. ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಸ್ವಂತ ಜಮೀನಿನಲ್ಲಿ ಹೂಳಲು ಅವಕಾಶ ಕೊಡಬೇಕೆಂದರು, ಜೊತೆಯ ನ್ಯಾಯಮೂರ್ತಿ ಒಪ್ಪಲಿಲ್ಲ. ಕೊನೆಗೆ ಇಪ್ಪತ್ತು ಕಿಲೋಮೀಟರಿನಾಚೆಯ ಬೇರೊಂದು ಊರಿನ ಸ್ಮಶಾನವೇ ಗತಿಯಾಯಿತು. ಅಲ್ಲಿಯೂ ಕೇಳಿಬಂದದ್ದು ಶಾಂತಿಯ ಮಾತೇ. ಹೆಣ ಹೊತ್ತವರನ್ನು ತಡೆದವರು ಶಾಂತಿ ಕದಡಿದವರಲ್ಲ, ಹೂಳಲು ಬಂದವರು ಕದಡಿದವರು! ಸತ್ತವನಿಗೂ ಘನತೆಯ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆ ಘನತೆ ಊರಿನ ಬಹುಮತದ ಮನಸ್ಸನ್ನು ಕಾಯಬೇಕಾದರೆ ಅದಕ್ಕೆ ಹಕ್ಕು ಎಂಬ ಹೆಸರು ಯಾಕೆ?

“ಜಾಗವೇ ಇಲ್ಲ” ಎನ್ನುವ ಆಕ್ಷೇಪಕ್ಕೆ ಲೆಕ್ಕದಿಂದಲೇ ಉತ್ತರ ಕೊಡೋಣ. ಹೈಕೋರ್ಟಿಗೆ ಒಪ್ಪಿಸಿದ 1,394 ಊರುಗಳಿಗೆ ತಲಾ ಎರಡು ಎಕರೆ ಎಂದರೂ ಇಡೀ ರಾಜ್ಯಕ್ಕೆ ಬೇಕಾದದ್ದು 2,788 ಎಕರೆ. ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು, ಮುಳುಗಡೆಯೊಂದಕ್ಕೇ 75 ಸಾವಿರಕ್ಕೂ ಹೆಚ್ಚು ಎಕರೆ ಸ್ವಾಧೀನಕ್ಕೆ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಎಂದು ದರವೂ ನಿಂತಿತು. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಭೂಮಿ ಸಿಕ್ಕಿತು. ಕಾಲುವೆಗೆ ಸಿಗುತ್ತದೆ, ಹೆದ್ದಾರಿಗೆ ಸಿಗುತ್ತದೆ, ಲೇಔಟಿಗೆ ಸಿಗುತ್ತದೆ. ಸತ್ತವನಿಗೆ ಮಾತ್ರ ಜಗತ್ತಿನ ಭೂಮಿಯೆಲ್ಲ ತೀರಿಹೋಗುತ್ತದೆ. ಬೇರೆಯವರ ಮಾತು ಹಾಗಿರಲಿ, ನಮ್ಮ ಜಿಲ್ಲೆಯ ಗುರುತೇ ಒಂದು ಗೋರಿ. 1656ರಲ್ಲಿ ತೀರಿದ ಮೊಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟವನ್ನು ಟಿಕೆಟ್ ಕೊಂಡು ನೋಡುತ್ತೇವೆ, ಅದರ ಸುತ್ತ ಹಸಿರು ಹಾಸುತ್ತೇವೆ, ಅಭಿಮಾನಪಡುತ್ತೇವೆ. ಸುಲ್ತಾನನ ಸಮಾಧಿಗೆ ಕಾಯ್ದೆ, ಕಾವಲುಗಾರ, ಬೇಲಿ ಎಲ್ಲ ಉಂಟು. ಕೂಲಿಯವನ ಕುಣಿಗೆ ಕೇಳಿದರೆ ‘ಸತ್ತವರಿಗೆ ಎಂಥಾ ಕಾಯ್ದೆ’!

ಕೊನೆಯ ಆಕ್ಷೇಪ ಸ್ವಲ್ಪ ಸಜ್ಜನರದು: “ಸಾವಿನ ಮನೆಗೂ ಸರ್ಕಾರ ಕಾಲಿಡಬೇಕೇ? ಪರವಾನಗಿ, ಫೀ, ಲಂಚ ಶುರುವಾಗುತ್ತದೆ.” ಈ ಭಯ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವ ಕಾಯ್ದೆ ದುಃಖದಲ್ಲಿರುವವನ ಕೈಯಲ್ಲಿ ಅರ್ಜಿ ಇಡುವುದಲ್ಲ, ಅಧಿಕಾರಿಯ ತಲೆಯ ಮೇಲೆ ಹೊಣೆ ಇಡುವುದು. ಸ್ವಂತ ಹೊಲದಲ್ಲಿ ಹೂಳುವವನನ್ನು ಅದು ತಡೆಯಬೇಕಾಗಿಲ್ಲ. ಆ ಗೋರಿಯನ್ನು ದಾಖಲೆಗೆ ತಂದು, ಹೊಲ ಮಾರಿದರೂ ಕುಟುಂಬಕ್ಕೆ ಅಲ್ಲಿಗೆ ಹೋಗಿಬರುವ ಹಕ್ಕು ಉಳಿಸಿದರೆ ಸಾಕು. ಇವತ್ತು ಸರ್ಕಾರ ಸಾವಿನ ಮನೆಗೆ ಕಾಲಿಟ್ಟಿಲ್ಲ ಎಂಬುದೂ ಭ್ರಮೆ. ಹೆಣ ಕಚೇರಿ ಮುಂದೆ ಬಂದ ದಿನ ಅದು ಪೊಲೀಸ್ ವ್ಯಾನಿನಲ್ಲಿ ಬಂದೇ ಬರುತ್ತದೆ. ತಡವಾಗಿ, ಲಾಠಿ ಹಿಡಿದು ಬರುವ ಬದಲು ಮೊದಲೇ ಸರ್ವೇ ಸರಪಳಿ ಹಿಡಿದು ಬರಲಿ ಎಂಬುದಷ್ಟೇ ಬೇಡಿಕೆ.

ಹಾಗಾದರೆ ಆಗಬೇಕಾದದ್ದೇನು? ಸುತ್ತೋಲೆಗಳ ಕಂತೆ ಬದಿಗಿಟ್ಟು ವಿಧಾನಮಂಡಲ ಒಂದೇ ಸ್ಮಶಾನ ಕಾಯ್ದೆ ಮಾಡಲಿ. ಪ್ರತಿ ಕಂದಾಯ ಗ್ರಾಮಕ್ಕೆ, ಪ್ರತಿ ತಾಂಡಾಕ್ಕೆ, ಪ್ರತಿ ಪುನರ್ವಸತಿ ಕೇಂದ್ರಕ್ಕೆ ಅಳೆದು ಕಲ್ಲು ನೆಟ್ಟ ಜಾಗ ಇರಲೇಬೇಕು ಎನ್ನಲಿ, ಇರ‘ಬಹುದು’ ಎಂಬ ಮಾತು ಬೇಡ. ಉತಾರದಲ್ಲಿ ‘ಸಾರ್ವಜನಿಕ ಸ್ಮಶಾನ’ ಎಂದು ಬರೆಯಲಿ, ಯಾವ ಜಾತಿಯ ಹೆಸರನ್ನೂ ಬರೆಯದಿರಲಿ. ಅಲ್ಲಿಗೆ ಹೋಗುವ ದಾರಿಯನ್ನು ನಕಾಶೆಯಲ್ಲಿ ಗುರುತಿಸಿ, ಮಳೆಗಾಲದಲ್ಲೂ ಹೆಣ ಹೊತ್ತು ನಡೆಯುವಂತೆ ಗರಸು ಹಾಕಿಸಲಿ. ದಾರಿಯಿಲ್ಲದ ಸ್ಮಶಾನವನ್ನು ‘ಇದೆ’ ಎಂದು ಎಣಿಸುವುದನ್ನು ನಿಲ್ಲಿಸಲಿ. ಪಂಚಾಯಿತಿಗೆ ಕೆಲಸ ಒಪ್ಪಿಸಿ ಹಣ ಕೊಡಲಿ, ಪ್ರತಿ ಸ್ಮಶಾನಕ್ಕೆ ಸಂಬಳದ ಪಾಲಕನನ್ನು ನೇಮಿಸಲಿ, ಕುಣಿ ತೆಗೆಯುವ ಕೆಲಸ ಜಾತಿಯ ಚಾಕರಿಯಿಂದ ಬಿಡುಗಡೆಯಾಗಿ ಕೂಲಿಯ ಕೆಲಸವಾಗಲಿ. ಸರ್ಕಾರಿ ಭೂಮಿ ಇಲ್ಲದ ಊರಲ್ಲಿ ಗಡುವಿನೊಳಗೆ ಜಮೀನು ಕೊಳ್ಳದಿದ್ದರೆ ಜಿಲ್ಲಾಧಿಕಾರಿ ಲಿಖಿತ ಉತ್ತರ ಕೊಡಲಿ. ಹೆಣ ತಡೆದ ಕಡೆ ರಾಜಿ ಪಂಚಾಯಿತಿ ಕೂಡಿಸದೆ, ಇರುವ ಕಾಯ್ದೆಯ ಪ್ರಕಾರ ಅಂದೇ ಪ್ರಕರಣ ದಾಖಲಾಗಲಿ. ಇದನ್ನು ಕೇಳಬೇಕಾದವರು ಬರೀ ಸ್ಮಶಾನವಿಲ್ಲದವರಲ್ಲ. ಮೊದಲು ಕೇಳಬೇಕಾದವರು ಹೊಲ ಇದ್ದವರು. ಮುಂದಿನ ಗ್ರಾಮಸಭೆಯಲ್ಲಿ ಅವರು ಎದ್ದು ನಿಂತು ಊರಿನ ಸ್ಮಶಾನದ ಉತಾರ ತೆಗೆಸಿ ಎಲ್ಲರೆದುರು ಓದಿಸಲಿ. ಯಾವ ಸರ್ವೇ ನಂಬರ್, ಎಷ್ಟು ಗುಂಟೆ, ದಾರಿ ಎಲ್ಲಿದೆ, ಯಾರ್‍ಯಾರಿಗೆ ತೆರೆದಿದೆ? ಉತ್ತರ ಬರುವವರೆಗೆ ಸಭೆ ಏಳದಿರಲಿ. ‘ನಡಕೊಂಡು ಬಂದೈತಿ’ ಎಂಬ ಮಾತು ಅಲ್ಲಿ ಮತ್ತೆ ಬಂದರೆ, ಅದನ್ನು ಆಡಿದವರನ್ನು ಒಂದೇ ಪ್ರಶ್ನೆ ಕೇಳಿ: ನಾಳೆ ಸೆಪ್ಟೆಂಬರಿನ ಮಳೆಯಲ್ಲಿ, ಹಳ್ಳ ತುಂಬಿ ಹರಿಯುವಾಗ, ನಿಮ್ಮ ಮನೆಯ ಕುಣಿ ತೆಗೆದವನೇ ಸತ್ತರೆ ಅವನನ್ನು ಎಲ್ಲಿಗೆ ಒಯ್ಯುತ್ತೀರಿ? ಸರ್ವೇ ನಂಬರ್ ಹೇಳಿ.